ಮನೆಯ ಬೆಲೆಗೆ ಮುನ್ನ ಮನೆತನದ ಒಪ್ಪಿಗೆ

ಚೋರನೂರು ಹೋಬಳಿಯ ಕುಟುಂಬಗಳಿಗೆ ಮನೆ ಕೊಳ್ಳುವ ಹಾಗೂ ಮಾರುವ ವಿಷಯವಾಗಿ ಕೆಲವು ಮಾತುಗಳು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ನಮ್ಮ ಹಿರಿಯರ ಮಾತು. ಕಟ್ಟಿದ ಮನೆಯನ್ನು ಕೊಳ್ಳುವುದು ಇವೆರಡಕ್ಕಿಂತ ಸುಲಭವೆಂದು ತೋರುವುದು ಸಹಜ. ಗೋಡೆ ನಿಂತಿದೆ, ಮಾಳಿಗೆ ಹೊದಿಸಿದೆ, ಹಣ ಎಣಿಸಿ ಕೊಟ್ಟು ಬೀಗದ ಕೈ ಪಡೆದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಹಳ್ಳಿಯ ಮನೆ ಒಬ್ಬರ ಹೆಸರಿನಲ್ಲಿದ್ದರೂ ಒಬ್ಬರದೇ ಆಗಿರುವುದು ಅಪರೂಪ. ಅದರಲ್ಲಿ ಅಜ್ಜನ ದುಡಿಮೆ ಇದೆ, ಅಜ್ಜಿಯ ಬಂಗಾರ ಕರಗಿದೆ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ತವರೂ ಅದೇ ಆಗಿದೆ. ಆದುದರಿಂದ ಬೆಲೆಯ ಮಾತಿಗಿಂತ ಮೊದಲು ಹಕ್ಕಿನ ಮಾತು ಆಗಬೇಕೆಂಬುದು ಈ ಲೇಖನದ ಸಾರ.

ಸಂಡೂರು ತಾಲ್ಲೂಕಿನ ಮೂರು ಹೋಬಳಿಗಳಲ್ಲಿ ಚೋರನೂರು ಒಂದು. ಉಳಿದವು ಸಂಡೂರು ಮತ್ತು ತೋರಣಗಲ್ಲು. ಇಂದು ಇಂಥ ಹಳ್ಳಿಗಳ ಯುವಕರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ, ಹೊಸಪೇಟೆ, ಬಳ್ಳಾರಿ, ಬೆಂಗಳೂರುಗಳಿಗೋ ಕಾಯಕವನ್ನರಸಿ ಹೋಗುತ್ತಾರೆ. ಹಿರಿಯರು ಕಾಲವಾದ ಮೇಲೆ ಮನೆಗೆ ಬೀಗ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಅದನ್ನು ಮಾರುವ ಯೋಚನೆ ಬರುತ್ತದೆ. ಅದೇ ಊರಿನಲ್ಲಿ ನೆಲೆ ನಿಲ್ಲಬಯಸುವ ಇನ್ನೊಂದು ಕುಟುಂಬ ಕೊಳ್ಳಲು ಮುಂದೆ ಬರುತ್ತದೆ. ಇಬ್ಬರೂ ಪರಿಚಿತರು, ಕೆಲವೊಮ್ಮೆ ಬೀಗರು. "ನಮ್ಮವರೇ ಅಲ್ಲವೇ, ಕಾಗದ ಆಮೇಲೆ ಮಾಡಿಕೊಂಡರಾಯಿತು" ಎಂಬ ಮಾತು ಇಲ್ಲಿಯೇ ಹುಟ್ಟುತ್ತದೆ. ಮುಂದಿನ ವ್ಯಾಜ್ಯದ ಬೀಜವೂ ಇಲ್ಲಿಯೇ ಬೀಳುತ್ತದೆ.

ಮೊದಲು ಕೇಳಬೇಕಾದುದು ವಂಶವೃಕ್ಷ

ಪಂಚಾಯತಿಯ ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಬ್ಬರು ಮನೆಯ ಪೂರ್ಣ ಒಡೆಯರಾಗುವುದಿಲ್ಲ. ಖಾತೆಯು ಕಂದಾಯ ಕಟ್ಟಬೇಕಾದವರು ಯಾರೆಂಬುದನ್ನು ತೋರಿಸುತ್ತದೆ. ಒಡೆತನವನ್ನು ತೋರಿಸುವುದು ಕ್ರಯಪತ್ರ, ಪಾಲುಪತ್ರ, ದಾನಪತ್ರ, ಮರಣಶಾಸನ ಮೊದಲಾದವು. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ ಖಾತೆಯಾಗಿರುವುದು ಹಳ್ಳಿಗಳಲ್ಲಿ ಸಾಮಾನ್ಯ. ಆ ಮಗನೊಬ್ಬನೇ ಬರೆದುಕೊಟ್ಟ ಕ್ರಯಪತ್ರ ಅವನ ಪಾಲಿನ ಮಟ್ಟಿಗೆ ಮಾತ್ರ ನಿಲ್ಲುತ್ತದೆ. ಉಳಿದವರ ಹಕ್ಕು ಹಾಗೆಯೇ ಉಳಿಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಯಜಮಾನರೊಬ್ಬರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯನ್ನು ಬಿಟ್ಟು, ಮರಣಶಾಸನ ಬರೆಯದೆ ತೀರಿಕೊಂಡರೆನ್ನಿ. ಅವರಿಗೆ ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಈ ಐವರಿಗೂ ಐದರಲ್ಲಿ ಒಂದೊಂದು ಪಾಲು ಸಮನಾಗಿ ಬರುತ್ತದೆ. ಯಜಮಾನರ ತಾಯಿ ಬದುಕಿದ್ದರೆ ಅವರೂ ಸೇರಿ ಆರು ಪಾಲು. ಈ ಕಾನೂನು ತನ್ನ ಎರಡನೆಯ ಪ್ರಕರಣದಲ್ಲಿಯೇ ವೀರಶೈವ, ಲಿಂಗಾಯತರ ಹೆಸರನ್ನು ಹೇಳಿ ಒಳಗೊಂಡಿದೆ. ಆದುದರಿಂದ ನಮ್ಮ ಮನೆತನಗಳಿಗೆ ಇದು ಅನ್ವಯಿಸುವುದೇ ಎಂಬ ಸಂದೇಹಕ್ಕೆ ಎಡೆಯಿಲ್ಲ.

ಕೊಳ್ಳುವವರು ನಾಡಕಚೇರಿಯ ಮೂಲಕ ದೊರೆಯುವ ದೃಢೀಕೃತ ವಂಶವೃಕ್ಷವನ್ನೂ ತೀರಿಕೊಂಡವರ ಮರಣ ಪ್ರಮಾಣಪತ್ರವನ್ನೂ ಮೊದಲು ಕೇಳಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿಲ್ಲವೆಂಬುದನ್ನು ಊರಿನ ಹಿರಿಯರಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಅಪ್ರಾಪ್ತರ ಹೆಸರಿನ ಸ್ವತ್ತನ್ನು ಮಾರಲು ತಂದೆತಾಯಿಗಳಿಗೂ ನ್ಯಾಯಾಲಯದ ಅನುಮತಿ ಅವಶ್ಯ. ಅನುಮತಿ ಇಲ್ಲದೆ ಆದ ಕ್ರಯವನ್ನು ಆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಪ್ರಶ್ನಿಸಬಹುದು.

ಉಡಿ ತುಂಬಿದರೆ ಪಾಲು ಕೊಟ್ಟಂತಲ್ಲ

"ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಹಬ್ಬಕ್ಕೆ ಕರೆದು ಉಡಿ ತುಂಬಿ ಕಳಿಸುತ್ತೇವೆ, ಇನ್ನು ಅವಳಿಗೆ ಮನೆಯಲ್ಲಿ ಏನಿದೆ?" ಎನ್ನುವ ಅಣ್ಣತಮ್ಮಂದಿರು ಇಂದಿಗೂ ಇದ್ದಾರೆ. ಪ್ರೀತಿಯಿಂದ ಕೊಟ್ಟದ್ದು ಪ್ರೀತಿಯೇ. ಅದು ಹಕ್ಕಿನ ಬದಲಿಯಾಗಲಾರದು. ಹೆಣ್ಣುಮಕ್ಕಳ ಹಕ್ಕು ಬೆಳೆದು ಬಂದ ದಾರಿಯನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕರ್ನಾಟಕವು 1994ರ ಜುಲೈ 30ರಿಂದಲೇ ಕೊಟ್ಟಿತ್ತು. ಆದರೆ ಅದಕ್ಕೆ ಮೊದಲು ಮದುವೆಯಾದವರು ಹೊರಗುಳಿದಿದ್ದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಅದೇ ತಿದ್ದುಪಡಿ ವಾಸದ ಮನೆಗೆ ಸಂಬಂಧಿಸಿದ ಒಂದು ಹಳೆಯ ಕಟ್ಟನ್ನೂ ಕಳಚಿತು. ಅದುವರೆಗೆ ಕುಟುಂಬ ವಾಸವಿರುವ ಮನೆಯನ್ನು ಪಾಲು ಮಾಡಿರೆಂದು ಹೆಣ್ಣುಮಕ್ಕಳು ಕೇಳುವಂತಿರಲಿಲ್ಲ, ಗಂಡು ವಾರಸುದಾರರು ಪಾಲಾಗುವವರೆಗೆ ಕಾಯಬೇಕಿತ್ತು. ಇನ್ನು ಆ ನಿರ್ಬಂಧವಿಲ್ಲ. 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಉಂಟೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ಪಾಲು ಹಾಗೂ ಕ್ರಯಗಳಿಗೆ ಇದರಿಂದ ಬಾಧೆಯಿಲ್ಲ. ಆದರೆ ಬಾಯಿಮಾತಿನಲ್ಲಿ ಆಯಿತೆನ್ನುವ ಪಾಲನ್ನು ಬಲವಾದ ಸರ್ಕಾರಿ ದಾಖಲೆಗಳ ಆಧಾರವಿಲ್ಲದೆ ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ.

ಆದುದರಿಂದ ಅಕ್ಕತಂಗಿಯರು ಕ್ರಯಪತ್ರಕ್ಕೆ ಮಾರಾಟಗಾರರಾಗಿಯೇ ಸಹಿ ಮಾಡಬೇಕು. ಇಲ್ಲವೆ ಅದಕ್ಕೆ ಮೊದಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. "ಅಕ್ಕ ಏನೂ ಅನ್ನುವುದಿಲ್ಲ" ಎಂಬ ಭರವಸೆಯನ್ನು ನಂಬಿ ಹಣ ಕೊಡುವುದು ಸಲ್ಲದು. ಅಕ್ಕ ಏನೂ ಅನ್ನದಿರಬಹುದು. ಅವರ ಮಕ್ಕಳು ಅನ್ನಬಹುದು. ಪಾಲನ್ನು ಮನಃಪೂರ್ವಕವಾಗಿ ಬಿಟ್ಟುಕೊಡುವ ತಂಗಿಯ ಔದಾರ್ಯ ದೊಡ್ಡದು. ಆದರೆ ಒತ್ತಾಯದಿಂದ, ವಿಷಯ ತಿಳಿಸದೆ ಪಡೆದ ಹೆಬ್ಬೆಟ್ಟು ತವರಿನ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಇನ್ನೊಂದು ವಿಷಯವೂ ಗಮನಾರ್ಹ. ತೀರಿಕೊಂಡವರಿಂದ ಒಟ್ಟಾಗಿ ಬಂದ ಆಸ್ತಿಯಲ್ಲಿ ಒಬ್ಬ ವಾರಸುದಾರ ತನ್ನ ಪಾಲನ್ನು ಮಾರಬಯಸಿದರೆ ಅದನ್ನು ಕೊಳ್ಳುವ ಆದ್ಯತೆ ಉಳಿದ ವಾರಸುದಾರರಿಗೆ ಇದೆಯೆಂದು ಅದೇ ಕಾನೂನಿನ 22ನೆಯ ಪ್ರಕರಣ ಹೇಳುತ್ತದೆ. ಹೊರಗಿನವರನ್ನು ಕರೆತರುವ ಮುನ್ನ ಒಡಹುಟ್ಟಿದವರನ್ನು ಕೇಳುವುದು ಲೋಕರೂಢಿಯೂ ಹೌದು, ಕಾನೂನಿನ ದಾರಿಯೂ ಹೌದು.

ಕಾಗದಪತ್ರಗಳ ಪರಿಶೀಲನೆ

ವಾರಸುದಾರರು ಯಾರೆಂಬುದು ತಿಳಿದ ಮೇಲೆ ಮನೆಯ ದಾಖಲೆಗಳನ್ನು ನೋಡಬೇಕು. ಗ್ರಾಮ ಪಂಚಾಯತಿ ವ್ಯಾಪ್ತಿಯ ಸ್ವತ್ತುಗಳಿಗೆ 2013ರಿಂದ ಇ-ಸ್ವತ್ತು ವ್ಯವಸ್ಥೆಯ ಗಣಕೀಕೃತ ಪತ್ರ ನೋಂದಣಿಗೆ ಅಗತ್ಯವಾಗಿದೆ. ಗ್ರಾಮಠಾಣೆಯೊಳಗಿನ ಅಥವಾ ಕ್ರಮಬದ್ಧವಾಗಿ ಅನುಮೋದನೆ ಪಡೆದ ಸ್ವತ್ತಿಗೆ ನಮೂನೆ 9 ಮತ್ತು ಅದರೊಡನೆ 11ಎ ದೊರೆಯುತ್ತವೆ. ಅನುಮೋದನೆಯಿಲ್ಲದ ಬಡಾವಣೆ ಮೊದಲಾದ ಸ್ವತ್ತುಗಳನ್ನು 11ಬಿಯಲ್ಲಿ ನಮೂದಿಸುತ್ತಾರೆ. 11ಬಿ ಕೈಯಲ್ಲಿದ್ದ ಮಾತ್ರಕ್ಕೆ ಜಾಗದ ದೋಷ ನಿವಾರಣೆಯಾಯಿತೆಂದು ತಿಳಿಯಬಾರದು. ಈ ನಿಯಮಗಳಿಗೆ ಇತ್ತೀಚೆಗೆ ತಿದ್ದುಪಡಿಗಳಾಗಿರುವುದರಿಂದ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಲ್ಲಿ ಕೇಳಿ ತಿಳಿಯುವುದು ಕ್ಷೇಮ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಂತೆ ಡ್ರೋನ್ ಅಳತೆ ಪೂರ್ಣಗೊಂಡ ಗ್ರಾಮವಾಗಿದ್ದರೆ ಅದರ ಸ್ವತ್ತಿನ ಕಾರ್ಡನ್ನೂ ಹೋಲಿಸಿ ನೋಡಬೇಕು.

ಎರಡನೆಯದಾಗಿ ಋಣಭಾರ ಪ್ರಮಾಣಪತ್ರ. ಸ್ವತ್ತಿನ ಮೇಲೆ ನೋಂದಾಯಿತ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಇದು ಬರುತ್ತದೆ. 2004ರ ನಂತರದ ವಿವರ ಕಾವೇರಿ ಜಾಲತಾಣದಲ್ಲಿಯೇ ದೊರೆಯುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಮೂವತ್ತು ವರ್ಷಗಳ ವಿವರವನ್ನು ತೆಗೆಸುವುದು ಉತ್ತಮ.

ನಮ್ಮ ಭಾಗದ ಹಳೆಯ ಕಾಗದಗಳಿಗೆ ಒಂದು ವಿಶೇಷವುಂಟು. ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತು. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ತಾಲ್ಲೂಕಿನ ಮೇರೆಗಳೂ ಕಾಲಕಾಲಕ್ಕೆ ಬದಲಾಗಿವೆ. ಹೀಗಾಗಿ ಅಜ್ಜನ ಪೆಟ್ಟಿಗೆಯಲ್ಲಿ ಸಿಗುವ ದಸ್ತಾವೇಜು ಯಾವ ಕಚೇರಿಯಲ್ಲಿ ನೋಂದಣಿಯಾಗಿದೆ ಎಂಬುದನ್ನು ಅದರ ಹಿಂಬದಿಯ ಮೊಹರು ಮತ್ತು ಸಂಖ್ಯೆಯಿಂದ ತಿಳಿದು, ಆ ಕಚೇರಿಯ ದಾಖಲೆಯಲ್ಲಿಯೇ ಹುಡುಕಬೇಕಾಗುತ್ತದೆ.

ಮೂರನೆಯದಾಗಿ ಅಸಲು ಪತ್ರಗಳನ್ನು ಕಣ್ಣಾರೆ ನೋಡಬೇಕು. ನಕಲು ತೋರಿಸಿ "ಅಸಲು ಊರಿನಲ್ಲಿದೆ" ಎಂದರೆ ಅದು ಬ್ಯಾಂಕಿನಲ್ಲಿಯೋ ಸಹಕಾರ ಸಂಘದಲ್ಲಿಯೋ ಅಡವಿದೆಯೇ ಎಂದು ವಿಚಾರಿಸುವುದು ತಪ್ಪಲ್ಲ. ಪತ್ರಗಳನ್ನು ಒಪ್ಪಿಸಿ ಮಾಡಿದ ಅಡಮಾನ ನೋಂದಣಿಯಾಗಿರದಿದ್ದರೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಬಾಡಿಗೆಯವರಾಗಲಿ ಭೋಗ್ಯಕ್ಕೆ ಇರುವವರಾಗಲಿ ಇದ್ದರೆ ಅವರ ಕರಾರನ್ನೂ ಓದಬೇಕು. ಭೋಗ್ಯದ ಹಣವನ್ನು ಹಿಂದಿರುಗಿಸುವವರು ಯಾರೆಂಬುದು ಬರಹದಲ್ಲಿ ಬರಬೇಕು.

ಕೊಳ್ಳುವ ಮುನ್ನ ಹಿಂಜರಿಯಬೇಕಾದ ಜಾಗಗಳು

ಕೆಲವು ಮನೆಗಳು ಎಷ್ಟೇ ಚೆಲುವಾಗಿದ್ದರೂ ಎಷ್ಟೇ ಅಗ್ಗವಾಗಿ ಬಂದರೂ ದೂರವಿರಬೇಕು. ಸರ್ಕಾರವು ಬಡವರಿಗೆಂದು ಹಂಚಿದ ನಿವೇಶನಗಳ ಹಕ್ಕುಪತ್ರದಲ್ಲಿ ಪರಭಾರೆ ಮಾಡಬಾರದೆಂಬ ಷರತ್ತು ಮತ್ತು ಅವಧಿ ಬರೆದಿರುತ್ತದೆ. ಅದನ್ನು ಓದದೆ ಕೊಂಡವರಿಗೆ ನಿವೇಶನ ದಕ್ಕುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಬಾಂಧವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾನೂನಿನಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಅಂಥ ಜಮೀನನ್ನು ಮರಳಿ ಪಡೆಯಲು ಅರ್ಜಿ ಕೊಡುವುದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ನಮ್ಮ ತಾಲ್ಲೂಕಿನಲ್ಲಿ ಈ ಬಾಂಧವರ ಸಂಖ್ಯೆ ದೊಡ್ಡದು. ಅವರ ರಕ್ಷಣೆಗಾಗಿ ಇರುವ ಕಾನೂನನ್ನು ತಪ್ಪಿಸಿ ಲಾಭ ಮಾಡಿಕೊಳ್ಳುವುದು ಅಪಾಯಕರ ಮಾತ್ರವಲ್ಲ, ಅನ್ಯಾಯವೂ ಹೌದು.

ಮಠ ಅಥವಾ ದೇವಸ್ಥಾನದ ಜಾಗದಲ್ಲಿ ತಲೆಮಾರುಗಳಿಂದ ವಾಸವಿರುವವರಿಗೆ ವಾಸದ ಹಕ್ಕಿದ್ದರೂ ನೆಲವನ್ನು ಮಾರುವ ಹಕ್ಕು ಇರುವುದೆಂದು ಹೇಳಲಾಗದು. ಊರಂಚಿನ ಮನೆಯಾದರೆ ಅದು ಅರಣ್ಯದ, ಕೆರೆಯ ಅಥವಾ ಸರ್ಕಾರಿ ಜಮೀನಿನ ಸರ್ವೆ ನಂಬರಿನಲ್ಲಿ ಸೇರಿದೆಯೇ ಎಂದು ನೋಡಬೇಕು. ಹೊಲವನ್ನು ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರುವ ನಿವೇಶನಗಳೂ ಇದೇ ಸಾಲಿಗೆ ಸೇರುತ್ತವೆ. ಬರಿಯ ಅಧಿಕಾರ ಪತ್ರದ ಮೇಲೆ ಮನೆ ಮಾರುವೆನೆಂದು ಬರುವವರಿಂದಲೂ ಎಚ್ಚರವಿರಲಿ. ಅಧಿಕಾರ ಪತ್ರದಿಂದ ಒಡೆತನ ವರ್ಗವಾಗದು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ.

ಮನೆಯನ್ನು ನೋಡುವ ಬಗೆ

ನಮ್ಮ ಸೀಮೆಯ ಹಳೆಯ ಮನೆಗಳು ಕಲ್ಲುಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಇಂಥ ಮನೆಯನ್ನು ಮಳೆಗಾಲದಲ್ಲಿ ಒಮ್ಮೆ ನೋಡಿದರೆ ಅದರ ನಿಜಸ್ಥಿತಿ ತಿಳಿಯುತ್ತದೆ. ಮಾಳಿಗೆ ಎಲ್ಲಿ ಸೋರುವುದು, ತೊಲೆ ಜಂತೆಗಳಿಗೆ ಗೆದ್ದಲು ಹತ್ತಿದೆಯೇ, ಬೆಳಕಿಂಡಿಯ ಸುತ್ತ ಮಣ್ಣು ಕುಸಿದಿದೆಯೇ ಎಂಬುದನ್ನು ಅನುಭವಿ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿ ನೋಡಬೇಕು. ಹಿಂದೆ ಕಾಳು ತುಂಬುತ್ತಿದ್ದ ಹಗೇವು ಪಡಸಾಲೆಯ ಅಡಿಯಲ್ಲಿದ್ದು, ಅದನ್ನು ಸರಿಯಾಗಿ ಮುಚ್ಚಿಲ್ಲದಿದ್ದರೆ ಮುಂದೆ ನೆಲ ಕುಸಿಯಬಹುದು. ಹಿರಿಯರನ್ನು ಕೇಳಿದರೆ ಅದರ ಸ್ಥಳ ತಿಳಿಯುತ್ತದೆ.

ನೆರೆಮನೆಯೊಡನೆ ಹಂಚಿಕೊಂಡಿರುವ ಗೋಡೆ, ಓಣಿಯ ದಾರಿ, ಹಿತ್ತಲಿನ ಬಾವಿ, ಮಾಳಿಗೆಯ ನೀರು ಬೀಳುವ ಜಾಗ, ಇವು ಹಳ್ಳಿಯ ಜಗಳಗಳ ಮೂಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿ, ನೀರಿನ ಹರಿವುಗಳಿಗೆ 1882ರ ಅನುಭೋಗದ ಹಕ್ಕುಗಳ ಕಾನೂನು ರಕ್ಷಣೆ ಕೊಡುತ್ತದೆ. ಆದುದರಿಂದ ಕ್ರಯಪತ್ರದ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಮೇರೆಗಳನ್ನು ಬರೆಯುವುದರ ಜೊತೆಗೆ ಗೋಡೆ ಯಾರದು, ನೀರು ಎತ್ತ ಹರಿಯಬೇಕು ಎಂಬುದನ್ನೂ ಬರೆಸಬೇಕು. ಅಳತೆಯನ್ನು ನೆರೆಯವರ ಎದುರಿನಲ್ಲಿಯೇ ಮಾಡಿಸಿದರೆ ಅರ್ಧ ವ್ಯಾಜ್ಯ ಅಲ್ಲಿಯೇ ಕಳೆಯುತ್ತದೆ.

ಬೆಲೆ, ಸಂಚಕಾರ ಮತ್ತು ಕರಾರು

ಬೆಲೆ ಕಟ್ಟುವಾಗ ನಿವೇಶನದ ಬೆಲೆಯನ್ನೂ ಕಟ್ಟಡದ ಬೆಲೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವುದು ವಿವೇಕ. ನಿವೇಶನದ ಬೆಲೆ ಏರಬಹುದು. ಕಟ್ಟಡ ಮಾತ್ರ ವರ್ಷ ವರ್ಷವೂ ಸವೆಯುತ್ತದೆ. ಗಣಿಗಳ ನಾಡಿನಲ್ಲಿ ಬೆಲೆ ಊರಿನ ದುಡಿಮೆಯನ್ನಷ್ಟೇ ಅವಲಂಬಿಸಿ ನಿಲ್ಲುವುದಿಲ್ಲ. ಅದಿರಿನ ವ್ಯಾಪಾರ ಭರದಲ್ಲಿದ್ದ ವರ್ಷಗಳನ್ನೂ, 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದುದನ್ನೂ ಕಂಡವರು ನಾವು. ಭರಾಟೆಯ ಕಾಲದ ಬೆಲೆಯನ್ನು ಶಾಶ್ವತವೆಂದು ನಂಬಿ ಸಾಲ ಮಾಡುವುದು ತರವಲ್ಲ.

ಬೆಲೆ ಕುದುರಿದ ಕೂಡಲೆ ಎಲೆ ಅಡಿಕೆಯೊಡನೆ ಸಂಚಕಾರ ಕೊಡುವುದು ನಮ್ಮಲ್ಲಿ ವಾಡಿಕೆ. ವಾಡಿಕೆ ಇರಲಿ, ಆದರೆ ಅದರೊಡನೆ ಕ್ರಯದ ಕರಾರು ಪತ್ರವೂ ಆಗಲಿ. ಅದರಲ್ಲಿ ಪೂರ್ಣ ಬೆಲೆ, ಕೊಟ್ಟ ಮುಂಗಡ, ಬಾಕಿ ಕೊಡುವ ದಿನ, ಮಾರುವವರು ಒದಗಿಸಬೇಕಾದ ದಾಖಲೆಗಳು, ಯಾರಾದರೂ ಮಾತಿಗೆ ತಪ್ಪಿದರೆ ಏನೆಂಬುದು ಸ್ಪಷ್ಟವಾಗಿರಬೇಕು. ಕರಾರು ಪತ್ರವೊಂದರಿಂದಲೇ ಒಡೆತನ ಬರುವುದಿಲ್ಲ. ಸ್ವಾಧೀನ ಕೊಟ್ಟಿದೆ ಎಂದು ಅದರಲ್ಲಿ ಬರೆದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ ಎಂಬುದೂ ನೆನಪಿರಲಿ.

ಹಣವನ್ನು ನಗದಾಗಿ ಕೊಡುವ ಅಭ್ಯಾಸವನ್ನು ಬಿಡಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ಕು, ಡಿ.ಡಿ. ಅಥವಾ ಬ್ಯಾಂಕ್ ವರ್ಗಾವಣೆಯ ವಿವರವನ್ನು ಕ್ರಯಪತ್ರದಲ್ಲಿಯೇ ಕಾಣಿಸಬೇಕು.

ನೋಂದಣಿ ಮತ್ತು ಅದರ ಖರ್ಚು

ಕ್ರಯಪತ್ರವನ್ನು ಬರೆದು ಸಹಿ ಮಾಡಿದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಾಧಿಕಾರಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸುವ ಅವಕಾಶವಿದೆ. ಆದರೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಕೂಡ್ಲಿಗಿಗಳು ಅತ್ತ ಹೋದವು. ಸಂಡೂರು ಬಳ್ಳಾರಿಯಲ್ಲಿಯೇ ಉಳಿಯಿತು. ಚೋರನೂರಿನ ಮನೆಗೆ ಸಂಡೂರು ಅಥವಾ ಬಳ್ಳಾರಿ ಜಿಲ್ಲೆಯ ಇನ್ನೊಂದು ಕಚೇರಿಯೇ ಸಲ್ಲುವುದು.

ಖರ್ಚಿನ ಲೆಕ್ಕವನ್ನು ಹನ್ನೆರಡು ಲಕ್ಷ ರೂಪಾಯಿ ಬೆಲೆಯ ಮನೆಯಿಂದ ತಿಳಿಯೋಣ. ಮುದ್ರಾಂಕ ಶುಲ್ಕ ಶೇಕಡ 5ರಂತೆ 60,000 ರೂಪಾಯಿ. ಆ ಶುಲ್ಕದ ಮೇಲೆ ಶೇಕಡ 10ರ ಉಪಕರ 6,000, ಗ್ರಾಮಾಂತರ ಪ್ರದೇಶದ ಶೇಕಡ 3ರ ಅಧಿಭಾರ 1,800. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿರುವುದರಿಂದ 24,000. ಒಟ್ಟು 91,800 ರೂಪಾಯಿ. ಪತ್ರ ಬರಹಗಾರರ ಮತ್ತು ವಕೀಲರ ಶುಲ್ಕ ಇದರ ಹೊರತು. ಸರ್ಕಾರದ ಮಾರ್ಗಸೂಚಿ ಬೆಲೆ ಒಪ್ಪಿದ ಬೆಲೆಗಿಂತ ಹೆಚ್ಚಿದ್ದರೆ ಆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಶುಲ್ಕ ಉಳಿಸಲು ಕಡಿಮೆ ಬೆಲೆ ಕಾಣಿಸುವುದು ಇಬ್ಬರಿಗೂ ಕೇಡು. ನಾಳೆ ವ್ಯಾಜ್ಯವಾದರೆ ಕೊಂಡವರು ತಾವು ಕೊಟ್ಟ ಪೂರ್ಣ ಹಣವನ್ನು ಸಿದ್ಧಪಡಿಸಲಾರರು.

ನೋಂದಣಿಯ ನಂತರ ಖಾತಾ ಬದಲಾವಣೆ ಆಗಿದೆಯೇ ಎಂದು ಪಂಚಾಯತಿಯಲ್ಲಿ ಖಚಿತಪಡಿಸಿಕೊಂಡು, ಜೆಸ್ಕಾಂನಲ್ಲಿ ವಿದ್ಯುತ್ ಮೀಟರಿನ ಹೆಸರನ್ನೂ ಬದಲಾಯಿಸಿಕೊಳ್ಳಬೇಕು.

ಮಾರುವವರ ಗಮನಕ್ಕೆ

ಮಾರುವವರು ಕಂದಾಯ, ನೀರಿನ ತೆರಿಗೆ, ವಿದ್ಯುತ್ ಬಾಕಿಗಳನ್ನು ತೀರಿಸಿ ರಶೀದಿಗಳನ್ನು ಸಿದ್ಧವಾಗಿಟ್ಟುಕೊಂಡರೆ ಮಾತುಕತೆ ಸುಗಮವಾಗುತ್ತದೆ. ಮನೆಯ ದೋಷವನ್ನು, ನಡೆಯುತ್ತಿರುವ ವ್ಯಾಜ್ಯವನ್ನು ಮುಚ್ಚಿಡಬಾರದು. ಕಣ್ಣಿಗೆ ಕಾಣದ ಲೋಪಗಳನ್ನು ತಿಳಿಸುವುದು ಮಾರುವವರ ಕರ್ತವ್ಯವೆಂದು ಕಾನೂನೇ ಹೇಳುತ್ತದೆ. ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಬಾರದು. ಬಾಕಿ ಹಣ ಖಾತೆಗೆ ಜಮಾ ಆಗುವವರೆಗೆ ಬೀಗದ ಕೈ ಕೊಡಬಾರದು.

ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ ಮನೆಯನ್ನು ಮಾರಿ ಬಂದ ಲಾಭಕ್ಕೆ ಶೇಕಡ 12.5ರಂತೆ ತೆರಿಗೆಯುಂಟು. 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆಯಾದರೆ ಹಣದುಬ್ಬರದ ಲೆಕ್ಕದೊಡನೆ ಶೇಕಡ 20ರ ಹಳೆಯ ಕ್ರಮವನ್ನು ಹೋಲಿಸಿ ಕಡಿಮೆಯಾದುದನ್ನು ಆರಿಸಬಹುದು. ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ವಿನಿಯೋಗಿಸಿದರೆ ವಿನಾಯಿತಿ ದೊರೆಯುತ್ತದೆ.

ವೃದ್ಧ ತಂದೆತಾಯಿಗಳು ಇರುವ ಒಂದೇ ಮನೆಯನ್ನು ಮಾರುವುದಾಗಲಿ ಮಕ್ಕಳಿಗೆ ದಾನ ಮಾಡುವುದಾಗಲಿ ಬಹು ಯೋಚಿಸಿ ಮಾಡಬೇಕಾದ ಕೆಲಸ. ದಾನ ಕೊಡುವುದಾದರೆ ತಮ್ಮ ಪಾಲನೆ ಪೋಷಣೆ ಮಾಡಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಹಾಗೆ ಬರೆಸಿದ್ದಲ್ಲಿ, ಮಕ್ಕಳು ನಡೆಸಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾನೂನಿನಂತೆ ಆ ದಾನವನ್ನು ರದ್ದುಪಡಿಸಲು ಕೋರಬಹುದು.

ಈ ಎಲ್ಲ ವಿಚಾರಗಳಲ್ಲಿ ಸ್ಥಳೀಯ ವಕೀಲರೊಬ್ಬರ ಸಲಹೆ ಪಡೆಯುವುದು ಅವಶ್ಯ. ಅವರಿಗೆ ಕೊಡುವ ಶುಲ್ಕ ಮುಂದಿನ ಹತ್ತು ವರ್ಷಗಳ ಕೋರ್ಟು ಕಚೇರಿಯ ಅಲೆದಾಟದ ಮುಂದೆ ಏನೂ ಅಲ್ಲ. ಆದರೆ ವಕೀಲರೂ ಅಧಿಕಾರಿಗಳೂ ಮಾಡಲಾಗದ ಕೆಲಸವೊಂದಿದೆ. ಮಾರುವ ಮುನ್ನ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದು ದಿನ ಅದೇ ಮನೆಯ ಪಡಸಾಲೆಯಲ್ಲಿ ಕೂಡಿ ಕುಳಿತು, ಬೆಲೆ ಎಷ್ಟು, ಯಾರಿಗೆ ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಮಾತನಾಡುವುದು. ಕೊಳ್ಳುವವರೂ ಅಂಥ ಮಾತುಕತೆ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಲಿ. ಎಲ್ಲರೂ ಒಪ್ಪಿ ಕೊಟ್ಟ ಮನೆಯಲ್ಲಿ ಹೊಸಬರು ನೆಮ್ಮದಿಯಿಂದ ದೀಪ ಹಚ್ಚುತ್ತಾರೆ. ಕೊಟ್ಟವರ ಮನೆತನವೂ ಒಡೆಯದೆ ಉಳಿಯುತ್ತದೆ.